ದ್ರವವನ್ನು ಹಿಡಿದಿಟ್ಟ ಬಲ ಯಾವುದು? – ಅಂತರಾಣ್ವಿಕ ಬಲಗಳ ಶೋಧದ ಇತಿಹಾಸ

ಪಿಯುಸಿ ರಸಾಯನಶಾಸ್ತ್ರ ಓದಿದವರಿಗೆಲ್ಲ ಪರಿಚಿತವಾದ ಪ್ರಶ್ನೆಯೊಂದಿದೆ. ದ್ರವರೂಪದ ಹೈಡ್ರೋಜನ್ ಕ್ಲೋರೈಡ್‌ನಲ್ಲಿ ಅಣುಗಳನ್ನು ಒಂದಕ್ಕೊಂದು ಹಿಡಿದಿಡುವ ಮುಖ್ಯ ಬಲ ಯಾವುದು? ಹೆಚ್ಚಿನ ವಿದ್ಯಾರ್ಥಿಗಳು ‘ದ್ವಿಧ್ರುವ-ದ್ವಿಧ್ರುವ ಆಕರ್ಷಣೆ’ ಎಂದು ಬರೆದು ಮುಂದಿನ ಪ್ರಶ್ನೆಗೆ ಹೋಗುತ್ತಾರೆ. ಆ ಅಣುವಿನ ಒಂದು ತುದಿ ಧನ, ಇನ್ನೊಂದು ತುದಿ ಋಣ. ಆದ್ದರಿಂದ ಉತ್ತರ ಸಹಜವಾಗಿಯೇ ತೋರುತ್ತದೆ. ಆದರೆ 1937ರಲ್ಲೇ ಪ್ರಕಟವಾದ ಒಂದು ಲೆಕ್ಕದ ಪ್ರಕಾರ, ಎರಡು ಹೈಡ್ರೋಜನ್ ಕ್ಲೋರೈಡ್ ಅಣುಗಳ ನಡುವಿನ ಆಕರ್ಷಣೆಯಲ್ಲಿ ಐದರಲ್ಲಿ ನಾಲ್ಕು ಪಾಲು ಬೇರೆಯೇ ಒಂದು ಬಲದ್ದು. ಪಠ್ಯಪುಸ್ತಕದಲ್ಲಿ ಎಲ್ಲಕ್ಕಿಂತ ಕೊನೆಯಲ್ಲಿ, ‘ಅತ್ಯಂತ ದುರ್ಬಲ’ ಎಂಬ ವಿಶೇಷಣದೊಡನೆ ಬರುವ ಲಂಡನ್ ಬಲ ಅದು.

ಈ ತಪ್ಪು ತಿಳಿವಳಿಕೆ ಎಲ್ಲಿಂದ ಬಂತು? ವಿಜ್ಞಾನಿಗಳು ಈ ಬಲಗಳನ್ನು ಯಾವ ಅನುಕ್ರಮದಲ್ಲಿ ಕಂಡುಹಿಡಿದರೋ ಅದೇ ಅನುಕ್ರಮದಲ್ಲಿ ನಾವು ಅವುಗಳನ್ನು ಕಲಿಯುತ್ತೇವೆ. ಮೊದಲು ಕಂಡದ್ದು ದೊಡ್ಡದು, ಕೊನೆಗೆ ಕಂಡದ್ದು ಚಿಕ್ಕದು ಎಂಬ ಭಾವನೆ ನಮಗರಿವಿಲ್ಲದೆ ಬೆಳೆದುಬಿಡುತ್ತದೆ. ಹಾಗಾಗಿ ಈ ಶೋಧದ ಇತಿಹಾಸವನ್ನು ತುಸು ವಿವರವಾಗಿ ನೋಡುವುದು ಪರೀಕ್ಷೆಯ ದೃಷ್ಟಿಯಿಂದಲೂ ಉಪಯುಕ್ತ.

ದ್ರವದ ಕಣಗಳು ಪರಸ್ಪರ ಸೆಳೆಯುತ್ತವೆ ಎಂಬ ವಿಚಾರ ಹಳೆಯದು. ಸಣ್ಣ ಕೊಳವೆಯಲ್ಲಿ ನೀರು ತಾನಾಗಿಯೇ ಮೇಲೇರುವುದನ್ನು ವಿವರಿಸಲು 1805ರ ಸುಮಾರಿಗೆ ಇಂಗ್ಲೆಂಡಿನ ಥಾಮಸ್ ಯಂಗ್ ಮತ್ತು ಫ್ರಾನ್ಸಿನ ಲಾಪ್ಲಾಸ್ ಇದೇ ಸೆಳೆತವನ್ನು ಆಧಾರವಾಗಿ ಇಟ್ಟುಕೊಂಡಿದ್ದರು. ಆದರೆ ಅದು ಎಂಥ ಸೆಳೆತ, ಎಲ್ಲ ದ್ರವಗಳಲ್ಲೂ ಒಂದೇ ಬಗೆಯದೇ ಎಂದು ಕೇಳುವ ಸಾಧನಗಳು ಆಗ ಇರಲಿಲ್ಲ. ಪ್ರಶ್ನೆ ಮುಂದುವರಿದದ್ದು ಅನಿಲಗಳನ್ನು ದ್ರವವಾಗಿಸುವ ಪ್ರಯತ್ನಗಳಿಂದ. 1823ರಲ್ಲಿ ಮೈಕೆಲ್ ಫ್ಯಾರಡೆ ಮುಚ್ಚಿದ ಗಾಜಿನ ಕೊಳವೆಯಲ್ಲಿ ಕ್ಲೋರಿನ್ ಅನಿಲವನ್ನು ದ್ರವವನ್ನಾಗಿ ಮಾಡಿದರು. ಮುಂದೆ 1845ರ ಹೊತ್ತಿಗೆ ಅವರು ಬಹುತೇಕ ಅನಿಲಗಳನ್ನು ಬಗ್ಗಿಸಿದ್ದರು. ಆಮ್ಲಜನಕ, ಸಾರಜನಕ, ಜಲಜನಕ, ಕಾರ್ಬನ್ ಮೊನಾಕ್ಸೈಡ್, ನೈಟ್ರಿಕ್ ಆಕ್ಸೈಡ್ ಮತ್ತು ಮೀಥೇನ್ ಮಾತ್ರ ಬಗ್ಗಲಿಲ್ಲ. ಕೆಲವರು ಸಾವಿರಾರು ಪಟ್ಟು ವಾತಾವರಣದ ಒತ್ತಡ ಹೇರಿ ನೋಡಿದರು, ಪ್ರಯೋಜನವಾಗಲಿಲ್ಲ. ಇವು ‘ಶಾಶ್ವತ ಅನಿಲಗಳು’ ಎಂಬ ಹೆಸರನ್ನೇ ಪಡೆದವು.

ಒತ್ತಡ ಮಾತ್ರ ಸಾಲದು ಎಂದು ಸ್ಪಷ್ಟಪಡಿಸಿದವರು ಬೆಲ್‌ಫಾಸ್ಟಿನ ಥಾಮಸ್ ಆಂಡ್ರ್ಯೂಸ್. ಇಂಗಾಲದ ಡೈಆಕ್ಸೈಡನ್ನು ಸುಮಾರು 31 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಇಟ್ಟು ಎಷ್ಟು ಒತ್ತಿದರೂ ಅದು ದ್ರವವಾಗುವುದಿಲ್ಲ ಎಂದು 1869ರ ಉಪನ್ಯಾಸದಲ್ಲಿ ಅವರು ತೋರಿಸಿದರು. ಪ್ರತಿಯೊಂದು ವಸ್ತುವಿಗೂ ಇಂಥದೊಂದು ಸಂದಿಗ್ಧ ತಾಪ ಇದೆ. ಆಮ್ಲಜನಕಕ್ಕೆ ಅದು ಮೈನಸ್ 118 ಡಿಗ್ರಿಗೂ ಕೆಳಗೆ. ಕೋಣೆಯ ಉಷ್ಣತೆಯಲ್ಲಿ ಒತ್ತಡ ಹೇರಿದವರ ಶ್ರಮ ವ್ಯರ್ಥವಾದದ್ದು ಅದಕ್ಕೇ.

ಆಂಡ್ರ್ಯೂಸ್ ಅವರ ಅಂಕಿಗಳಿಗೆ ಅರ್ಥ ಹೇಳಿದವರು ನೆದರ್‌ಲ್ಯಾಂಡ್ಸಿನ ಒಬ್ಬ ಶಾಲಾ ಶಿಕ್ಷಕ. ಇವರ ಬಗ್ಗೆ ನಮ್ಮ ವಿದ್ಯಾರ್ಥಿಗಳು ಸಮೀಕರಣದಾಚೆಗೂ ತಿಳಿದಿರಬೇಕು.

ಯೊಹಾನೆಸ್ ಡಿಡೆರಿಕ್ ವಾನ್ ಡರ್ ವಾಲ್ಸ್ 1837ರಲ್ಲಿ ಲೈಡನ್ ನಗರದಲ್ಲಿ ಹುಟ್ಟಿದರು. ತಂದೆ ಬಡಗಿ, ಹತ್ತು ಮಕ್ಕಳಲ್ಲಿ ಇವರೇ ಹಿರಿಯರು. ವಿಶ್ವವಿದ್ಯಾಲಯಕ್ಕೆ ದಾರಿ ಮಾಡಿಕೊಡುವ ಮಾಧ್ಯಮಿಕ ಶಾಲೆ ಆ ಕಾಲದಲ್ಲಿ ದುಡಿಯುವ ವರ್ಗದ ಮಕ್ಕಳಿಗೆ ಇರಲಿಲ್ಲ. ಪ್ರಾಥಮಿಕ ಶಿಕ್ಷಣ ಮುಗಿಸಿ ಅಲ್ಲಿಯೇ ಶಿಕ್ಷಕ ವೃತ್ತಿಗೆ ಸೇರಿದರು. ಹಂತ ಹಂತವಾಗಿ ಪರೀಕ್ಷೆಗಳನ್ನು ಬರೆದು ಮುಂದೆ ಬಂದರು. ಬಿಡುವಿನ ವೇಳೆಯಲ್ಲಿ ಲೈಡನ್ ವಿಶ್ವವಿದ್ಯಾಲಯದ ಪಾಠಗಳನ್ನು ಕುಳಿತು ಕೇಳಿದರು. ಆದರೆ ಪದವಿ ಪರೀಕ್ಷೆಗೆ ಕೂರುವಂತಿರಲಿಲ್ಲ. ಕಾರಣ, ಅವರಿಗೆ ಲ್ಯಾಟಿನ್ ಮತ್ತು ಗ್ರೀಕ್ ಬರುತ್ತಿರಲಿಲ್ಲ! ಭೌತಶಾಸ್ತ್ರ ಕಲಿಯುವವನಿಗೆ ಪ್ರಾಚೀನ ಭಾಷೆ ಏಕೆ ಬೇಕು ಎಂದು ಯಾರೂ ಕೇಳಿರಲಿಲ್ಲ. ನಿಯಮ ಎಂದರೆ ನಿಯಮ. 1866ರಿಂದ ಅವರು ಹೇಗ್ ನಗರದ ಮಾಧ್ಯಮಿಕ ಶಾಲೆಯಲ್ಲಿ ಪಾಠ ಹೇಳುತ್ತಿದ್ದರು, ಮುಂದೆ ಅಲ್ಲೇ ಮುಖ್ಯಸ್ಥರೂ ಆದರು. ವಿಜ್ಞಾನ ವಿದ್ಯಾರ್ಥಿಗಳಿಗೆ ಭಾಷೆಯ ಷರತ್ತಿನಿಂದ ವಿನಾಯಿತಿ ಕೊಡುವ ಹೊಸ ಕಾನೂನು ಬಂದ ಮೇಲೆಯೇ ಅವರಿಗೆ ಬಾಗಿಲು ತೆರೆಯಿತು. 1873ರಲ್ಲಿ, 35ನೇ ವಯಸ್ಸಿನಲ್ಲಿ, ಅನಿಲ ಮತ್ತು ದ್ರವ ಸ್ಥಿತಿಗಳ ನಿರಂತರತೆಯ ಕುರಿತ ಪ್ರಬಂಧಕ್ಕೆ ಡಾಕ್ಟರೇಟ್ ಪಡೆದರು.

ಆ ಪ್ರಬಂಧದ ತಿರುಳು ಸರಳ. ಅದುವರೆಗಿನ ಆದರ್ಶ ಅನಿಲ ನಿಯಮ ಅಣುಗಳಿಗೆ ಗಾತ್ರವೇ ಇಲ್ಲ, ಪರಸ್ಪರ ಸೆಳೆತವೂ ಇಲ್ಲ ಎಂದು ಭಾವಿಸಿತ್ತು. ವಾನ್ ಡರ್ ವಾಲ್ಸ್ ಎರಡೂ ತಿದ್ದುಪಡಿಗಳನ್ನು ಮಾಡಿದರು. ಅಣುಗಳ ಗಾತ್ರಕ್ಕೆ ‘ಬಿ’ ಎಂಬ ಸ್ಥಿರಾಂಕ, ಸೆಳೆತಕ್ಕೆ ‘ಎ’ ಎಂಬ ಸ್ಥಿರಾಂಕ. ಇಷ್ಟರಿಂದಲೇ ಅನಿಲವೂ ದ್ರವವೂ ಒಂದೇ ಸಮೀಕರಣದೊಳಗೆ ಬಂದುಬಿಟ್ಟವು, ಸಂದಿಗ್ಧ ತಾಪವೂ ಅದರಿಂದಲೇ ಹೊರಬಿತ್ತು. ಪ್ರಬಂಧ ಇದ್ದದ್ದು ಡಚ್ ಭಾಷೆಯಲ್ಲಿ. ಅದನ್ನು 1874ರಲ್ಲಿ ವಿಮರ್ಶಿಸಿದ ಮ್ಯಾಕ್ಸ್‌ವೆಲ್, ಕೆಲವು ಅಂಶಗಳನ್ನು ಒಪ್ಪದಿದ್ದರೂ, ಈ ಕೃತಿಯಿಂದಾಗಿ ಹಲವರು ಡಚ್ ಕಲಿಯಲು ತೊಡಗಿದ್ದಾರೆ ಎಂಬ ಅರ್ಥದಲ್ಲಿ ಬರೆದರು. ಲ್ಯಾಟಿನ್ ಬಾರದ ಕಾರಣಕ್ಕೆ ಹೊರಗೆ ನಿಂತವನ ತಾಯ್ನುಡಿಯನ್ನು ಇತರರು ಕಲಿಯಬೇಕಾಗಿ ಬಂದದ್ದು ಇತಿಹಾಸದ ಒಂದು ಸೊಗಸು. 1877ರಲ್ಲಿ ಅವರು ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. 1881ರಲ್ಲಿ ಪತ್ನಿ ತೀರಿಕೊಂಡಾಗ ಎಷ್ಟು ಕುಸಿದರೆಂದರೆ ಹತ್ತಿರಹತ್ತಿರ ಹತ್ತು ವರ್ಷ ಏನನ್ನೂ ಪ್ರಕಟಿಸಲಿಲ್ಲ. 1910ರಲ್ಲಿ ನೊಬೆಲ್ ಬಹುಮಾನ ಬಂತು.

‘ಎ’ ಸ್ಥಿರಾಂಕವು ಅಣುಗಳ ಸೆಳೆತಕ್ಕೆ ಹಿಡಿದ ಮೊದಲ ಅಳತೆಗೋಲು. ಹೀಲಿಯಂನ ‘ಎ’ ಆಮ್ಲಜನಕದ ‘ಎ’ಯ ಸುಮಾರು ನಲವತ್ತನೇ ಒಂದು ಭಾಗ ಮಾತ್ರ. ಹೀಲಿಯಂ ಎಲ್ಲಕ್ಕಿಂತ ಕೊನೆಗೆ ದ್ರವವಾದದ್ದರಲ್ಲಿ ಆಶ್ಚರ್ಯವಿಲ್ಲ. 1877ರಲ್ಲಿ ಆಮ್ಲಜನಕದ ಮಂಜು ಕಂಡಿತು, 1883ರಲ್ಲಿ ಪೋಲೆಂಡಿನ ಕ್ರಾಕೋವ್‌ನಲ್ಲಿ ಅದನ್ನು ಪಾತ್ರೆಯಲ್ಲಿ ಕುದಿಯುವ ದ್ರವವಾಗಿ ಪಡೆದರು, 1898ರಲ್ಲಿ ಡ್ಯೂವರ್ ಜಲಜನಕವನ್ನು ಗೆದ್ದರು. 1908ರ ಜುಲೈ 10ರಂದು ಲೈಡನ್‌ನಲ್ಲಿ ಕಾಮರ್ಲಿಂಗ್ ಓನೆಸ್ ಹೀಲಿಯಂ ಅನ್ನು ದ್ರವವಾಗಿಸಿದರು. ಅದರ ಸಂದಿಗ್ಧ ತಾಪ 5ರಿಂದ 6 ಕೆಲ್ವಿನ್ ಇರಬೇಕೆಂದು ವಾನ್ ಡರ್ ವಾಲ್ಸ್ ಅವರ ನಿಯಮದಿಂದ ಅವರು ಮೊದಲೇ ಅಂದಾಜಿಸಿದ್ದರು. ನಿಜವಾದ ಬೆಲೆ 5.2.

ಆದರೆ ‘ಎ’ ಸೆಳೆತದ ಪ್ರಮಾಣವನ್ನು ಹೇಳುತ್ತದೆಯೇ ಹೊರತು ಬಗೆಯನ್ನಲ್ಲ. ಬಗೆಯನ್ನು ಗುರುತಿಸುವ ಪ್ರಯತ್ನ ಬೇರೊಂದು ಕಡೆಯಿಂದ ನಡೆದಿತ್ತು. ಡಬ್ಲಿನ್‌ನಲ್ಲಿ ಇನ್ನೂ ವಿದ್ಯಾರ್ಥಿಯಾಗಿದ್ದ ಫ್ರೆಡರಿಕ್ ಟ್ರೌಟನ್ 1884ರಲ್ಲಿ ಒಂದು ಕುತೂಹಲದ ಸಂಗತಿ ಗಮನಿಸಿದ. ಒಂದು ಮೋಲ್ ದ್ರವವನ್ನು ಆವಿಯಾಗಿಸಲು ಬೇಕಾದ ಶಾಖವನ್ನು ಅದರ ಕೆಲ್ವಿನ್ ಕುದಿಬಿಂದುವಿನಿಂದ ಭಾಗಿಸಿದರೆ ಹೆಚ್ಚಿನ ದ್ರವಗಳಿಗೆ ಒಂದೇ ಸಂಖ್ಯೆಯ ಆಸುಪಾಸು ಬರುತ್ತದೆ. ಈಗಿನ ಮಾನದಲ್ಲಿ ಸುಮಾರು 85ರಿಂದ 88 ಜೂಲ್. ಬೆಂಜೀನಿಗೆ 87, ಕಾರ್ಬನ್ ಟೆಟ್ರಾಕ್ಲೋರೈಡಿಗೆ 85. ನೀರಿಗೆ ಮಾತ್ರ 109, ಎಥೆನಾಲ್‌ಗೆ 110! ಈ ಎರಡರಲ್ಲಿ ಅಣುಗಳು ದ್ರವದೊಳಗೆ ಏನೋ ಒಂದು ಬಗೆಯ ಕೈಹಿಡಿದ ವ್ಯವಸ್ಥೆಯಲ್ಲಿವೆ, ಅದನ್ನು ಬಿಡಿಸಲು ಹೆಚ್ಚು ಶಾಖ ಬೇಕು. 1893ರಲ್ಲಿ ರ‍್ಯಾಮ್ಸೆ ಮತ್ತು ಶೀಲ್ಡ್ಸ್ ಮೇಲ್ಮೈ ಸೆಳೆತ ಉಷ್ಣತೆಯೊಡನೆ ಹೇಗೆ ಇಳಿಯುತ್ತದೆ ಎಂದು ಅಳೆದು ಇದೇ ತೀರ್ಮಾನಕ್ಕೆ ಬಂದರು. ನೀರು, ಆಲ್ಕೊಹಾಲ್ ಮತ್ತು ಆಮ್ಲಗಳನ್ನು ‘ಗುಂಪುಗೂಡಿದ ದ್ರವಗಳು’ ಎಂದು ಕರೆದರು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಅಸಿಟಿಕ್ ಆಮ್ಲಕ್ಕೆ ಟ್ರೌಟನ್ ಸಂಖ್ಯೆ ಸುಮಾರು 61 ಮಾತ್ರ. ಹಾಗೆಂದು ಅದರಲ್ಲಿ ಸೆಳೆತ ಕಡಿಮೆ ಎಂದರೆ ತಪ್ಪು. ಅದರ ಅಣುಗಳು ಜೋಡಿ ಜೋಡಿಯಾಗಿ ಎಷ್ಟು ಬಿಗಿಯಾಗಿ ಹಿಡಿದಿರುತ್ತವೆ ಎಂದರೆ ಆವಿಯಾದ ಮೇಲೂ ಬಹಳಷ್ಟು ಜೋಡಿಗಳು ಬಿಡುವುದಿಲ್ಲ. ಬಿಡಿಸಬೇಕಾದ ಕೈಗಳನ್ನು ಬಿಡಿಸಲೇ ಇಲ್ಲವಾದ್ದರಿಂದ ಶಾಖವೂ ಕಡಿಮೆ ಸಾಕಾಗುತ್ತದೆ. ಒಂದೇ ಸಂಖ್ಯೆ ನೋಡಿ ಬಲವನ್ನು ಗುರುತಿಸಲು ಹೊರಟವರಿಗೆ ಈ ಉದಾಹರಣೆ ಸಾಕು.

ಇಪ್ಪತ್ತನೇ ಶತಮಾನ ಬಂತು. 1912ರಲ್ಲಿ ಪೀಟರ್ ಡಿಬೈ ಕೆಲವು ಅಣುಗಳಲ್ಲಿ ಶಾಶ್ವತ ದ್ವಿಧ್ರುವ ಇದೆ ಎಂದು ತೋರಿಸಿ ಅದನ್ನು ಅಳೆಯುವ ದಾರಿ ಹೇಳಿದರು. ವಾನ್ ಡರ್ ವಾಲ್ಸ್ ಅವರ ಶಿಷ್ಯರೇ ಆಗಿದ್ದ ವಿಲ್ಲೆಮ್ ಕೀಸಮ್ ಇದನ್ನು ಹಿಡಿದು 1912ರಿಂದ 1921ರವರೆಗಿನ ಲೇಖನಗಳಲ್ಲಿ, ತಿರುಗುತ್ತಿರುವ ಎರಡು ದ್ವಿಧ್ರುವಗಳು ಸರಾಸರಿಯಲ್ಲಿ ಪರಸ್ಪರ ಆಕರ್ಷಿಸುತ್ತವೆ ಎಂದು ಲೆಕ್ಕ ಹಾಕಿದರು. ನಮ್ಮ ಪಠ್ಯದ ‘ದ್ವಿಧ್ರುವ-ದ್ವಿಧ್ರುವ’ ಬಲ ಇದೇ. ಆದರೆ ಉಷ್ಣತೆ ಏರಿದಂತೆ ಅಣುಗಳು ಜೋರಾಗಿ ತಿರುಗಿ ಈ ಆಕರ್ಷಣೆ ಕರಗುತ್ತಾ ಹೋಗಬೇಕು. ನಿಜವಾದ ಅನಿಲಗಳಲ್ಲಿ ಅಷ್ಟು ಇಳಿಕೆ ಕಾಣುವುದಿಲ್ಲ. 1920ರಲ್ಲಿ ಡಿಬೈ ಇನ್ನೊಂದು ಬಲ ಸೇರಿಸಿದರು: ಒಂದು ಅಣುವಿನ ವಿದ್ಯುತ್ ಕ್ಷೇತ್ರ ಪಕ್ಕದ ಅಣುವಿನ ಎಲೆಕ್ಟ್ರಾನ್ ಮೋಡವನ್ನು ಎಳೆದು ಅದರಲ್ಲೂ ದ್ವಿಧ್ರುವವನ್ನು ಹುಟ್ಟಿಸುತ್ತದೆ. ಇದು ಪ್ರೇರಿತ ಬಲ.

ಇಷ್ಟಾದರೂ ಒಂದು ಒಗಟು ಉಳಿಯಿತು. ಆರ್ಗಾನ್ ಮೈನಸ್ 186 ಡಿಗ್ರಿಯಲ್ಲಿ ದ್ರವವಾಗುತ್ತದೆ. ಅದರ ಪರಮಾಣು ಗೋಲಾಕಾರ. ಧನ ತುದಿಯೂ ಇಲ್ಲ, ಋಣ ತುದಿಯೂ ಇಲ್ಲ. ಪ್ರೇರಣೆ ಮಾಡುವವನೇ ಇಲ್ಲದಿದ್ದರೆ ಪ್ರೇರಿತ ದ್ವಿಧ್ರುವ ಎಲ್ಲಿಂದ ಬರಬೇಕು? ಆದರೂ ಸೆಳೆತ ಇದ್ದೇ ಇದೆ, ಇಲ್ಲವಾದರೆ ದ್ರವ ಆರ್ಗಾನ್ ಎಂಬುದೇ ಇರುತ್ತಿರಲಿಲ್ಲ.

ಉತ್ತರ ಕ್ವಾಂಟಮ್ ಸಿದ್ಧಾಂತಕ್ಕಾಗಿ ಕಾಯಬೇಕಾಯಿತು. 1930ರಲ್ಲಿ ಬರ್ಲಿನ್‌ನಲ್ಲಿದ್ದ ಫ್ರಿಟ್ಸ್ ಲಂಡನ್, ತಮ್ಮ ಸಹೋದ್ಯೋಗಿ ರಾಬರ್ಟ್ ಐಸೆನ್‌ಶಿಟ್ಸ್ ಅವರೊಂದಿಗೆ ಅದನ್ನು ಕೊಟ್ಟರು. ಲಂಡನ್ ಎಂದರೆ ಊರಲ್ಲ, ವ್ಯಕ್ತಿಯ ಹೆಸರು. ಇದನ್ನು ಪ್ರತಿ ವರ್ಷವೂ ಹೇಳಬೇಕಾಗುತ್ತದೆ. ಒಂದೇ ಕೊಂಬೆಗೆ ಕಟ್ಟಿದ ಎರಡು ಉಯ್ಯಾಲೆಗಳನ್ನು ಕಲ್ಪಿಸಿಕೊಳ್ಳಿ. ಒಂದು ಅಲುಗಿದರೆ ಕೊಂಬೆಯ ಮೂಲಕ ಇನ್ನೊಂದಕ್ಕೂ ಅದರ ಅರಿವಾಗುತ್ತದೆ, ಎರಡೂ ಸ್ವತಂತ್ರವಾಗಿ ಆಡಲಾರವು. ಪರಮಾಣುವಿನ ಎಲೆಕ್ಟ್ರಾನ್ ಮೋಡವೂ ಹಾಗೆಯೇ ಸದಾ ಅಲುಗುತ್ತಿರುತ್ತದೆ. ಕ್ವಾಂಟಮ್ ನಿಯಮದಂತೆ ಸೊನ್ನೆ ಕೆಲ್ವಿನ್‌ನಲ್ಲೂ ಈ ಅಲುಗಾಟ ನಿಲ್ಲುವುದಿಲ್ಲ. ಸಮೀಪದ ಎರಡು ಮೋಡಗಳ ಅಲುಗಾಟ ಒಂದಕ್ಕೊಂದು ಹೊಂದಿಕೊಂಡಾಗ ಅವುಗಳ ಒಟ್ಟು ಶಕ್ತಿ ತುಸು ಕಡಿಮೆಯಾಗುತ್ತದೆ. ಆ ಇಳಿಕೆಯೇ ಆಕರ್ಷಣೆ. ಬೆಳಕಿನ ವರ್ಣವಿಭಜನೆಯ ಲೆಕ್ಕದಲ್ಲಿ ಬರುವ ಅದೇ ಪರಿಮಾಣಗಳು ಇಲ್ಲೂ ಬರುವುದರಿಂದ ಇದಕ್ಕೆ ‘ಡಿಸ್ಪರ್ಷನ್ ಬಲ’ ಎಂದೂ ಹೆಸರು. ಇದಕ್ಕೆ ದ್ವಿಧ್ರುವ ಬೇಡ, ಎಲೆಕ್ಟ್ರಾನ್ ಇದ್ದರೆ ಸಾಕು. ಎಂದರೆ ಜಗತ್ತಿನ ಯಾವ ಅಣುವೂ ಇದರಿಂದ ಹೊರತಲ್ಲ. ಗಾಜಿನ ಗೋಡೆಯ ಮೇಲೆ ಹಲ್ಲಿ ಬೀಳದೆ ಓಡಾಡುವುದಕ್ಕೂ ಅದರ ಪಾದದ ಸೂಕ್ಷ್ಮ ರೋಮಗಳ ವಾನ್ ಡರ್ ವಾಲ್ಸ್ ಸೆಳೆತವೇ ಕಾರಣ ಎಂದು 2002ರಲ್ಲಿ ಅಮೆರಿಕದ ಸಂಶೋಧಕರು ಪುರಾವೆ ಒದಗಿಸಿದರು.

1933ರಲ್ಲಿ ನಾಜಿ ಸರಕಾರ ಯಹೂದಿ ಮೂಲದ ಅಧ್ಯಾಪಕರನ್ನು ಹೊರಹಾಕಿದಾಗ ಲಂಡನ್ ಕೂಡ ಹುದ್ದೆ ಕಳೆದುಕೊಂಡರು. ಆಕ್ಸ್‌ಫರ್ಡ್, ಪ್ಯಾರಿಸ್, ಕೊನೆಗೆ 1939ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯ. ಈ ಅಲೆದಾಟದ ನಡುವೆಯೇ 1937ರಲ್ಲಿ ಫ್ಯಾರಡೆ ಸೊಸೈಟಿಯ ಪತ್ರಿಕೆಯಲ್ಲಿ ಅವರು ಒಂದು ಪಟ್ಟಿ ಪ್ರಕಟಿಸಿದರು. ಮೂರೂ ಬಲಗಳ ಪಾಲನ್ನು ಅಣುವಿನಿಂದ ಅಣುವಿಗೆ ಲೆಕ್ಕ ಹಾಕಿದ ಪಟ್ಟಿ ಅದು. ಈ ಲೇಖನದ ಮೊದಲಲ್ಲಿ ಹೇಳಿದ ಲೆಕ್ಕ ಅದರದ್ದೇ. ಅವರು ಬಳಸಿದ ಮಾನದಲ್ಲಿ ಹೈಡ್ರೋಜನ್ ಕ್ಲೋರೈಡಿಗೆ ಕೀಸಮ್ ಬಲ 18.6, ಪ್ರೇರಿತ ಬಲ 5.4, ಲಂಡನ್ ಬಲ 105. ಹೈಡ್ರೋಜನ್ ಅಯೋಡೈಡಿಗೆ 0.35, 1.68 ಮತ್ತು 382. ಕಾರ್ಬನ್ ಮೊನಾಕ್ಸೈಡಿನಲ್ಲಿ ದ್ವಿಧ್ರುವದ ಪಾಲು ಹೇಳುವಷ್ಟೇ ಇಲ್ಲ. ಅಮೋನಿಯಾದಲ್ಲಿ 84ಕ್ಕೆ 93, ಹೆಚ್ಚುಕಡಿಮೆ ಸಮ. ನೀರಿನಲ್ಲಿ ಮಾತ್ರ 190ಕ್ಕೆ 47, ದ್ವಿಧ್ರುವದ್ದೇ ಮೇಲುಗೈ. ನಮ್ಮ ಪಠ್ಯಗಳು ನಿಯಮದಂತೆ ಹೇಳುವುದು ಈ ಪಟ್ಟಿಯಲ್ಲಿ ಒಂದು ಅಪವಾದವಾಗಿ ಕಾಣುತ್ತದೆ.

ಲೆಕ್ಕವನ್ನು ನಂಬದವರು ಕುದಿಬಿಂದುಗಳನ್ನು ನೋಡಬಹುದು. ಹೈಡ್ರೋಜನ್ ಕ್ಲೋರೈಡ್ ಮೈನಸ್ 85, ಬ್ರೋಮೈಡ್ ಮೈನಸ್ 67, ಅಯೋಡೈಡ್ ಮೈನಸ್ 35 ಡಿಗ್ರಿ ಸೆಲ್ಸಿಯಸ್. ದ್ವಿಧ್ರುವ ಇಳಿಯುತ್ತಾ ಹೋಗುತ್ತದೆ, ಕುದಿಬಿಂದು ಏರುತ್ತಾ ಹೋಗುತ್ತದೆ. ದ್ವಿಧ್ರುವವೇ ಮುಖ್ಯವಾಗಿದ್ದರೆ ಇದು ತಿರುಗುಮುರುಗಾಗಬೇಕಿತ್ತು. ಕ್ಲೋರೋಫಾರ್ಮಿಗೆ ದ್ವಿಧ್ರುವ ಇದೆ, 61 ಡಿಗ್ರಿಯಲ್ಲಿ ಕುದಿಯುತ್ತದೆ. ಕಾರ್ಬನ್ ಟೆಟ್ರಾಕ್ಲೋರೈಡಿಗೆ ದ್ವಿಧ್ರುವ ಇಲ್ಲ, 77 ಡಿಗ್ರಿಯವರೆಗೆ ಕಾಯುತ್ತದೆ. ಸಾರಜನಕ ಮತ್ತು ಕಾರ್ಬನ್ ಮೊನಾಕ್ಸೈಡ್‌ಗಳ ಅಣುಗಳಲ್ಲಿ ಎಲೆಕ್ಟ್ರಾನ್‌ಗಳ ಸಂಖ್ಯೆ ಒಂದೇ, 14. ಕುದಿಬಿಂದುಗಳ ನಡುವೆ ನಾಲ್ಕೇ ಡಿಗ್ರಿ ಅಂತರ. ಅಣುವಿನ ಆಕಾರವೂ ಲೆಕ್ಕಕ್ಕೆ ಬರುತ್ತದೆ. ಉದ್ದನೆಯ ಪೆಂಟೇನ್ 36 ಡಿಗ್ರಿಯಲ್ಲಿ ಕುದಿದರೆ, ಅದೇ ಸೂತ್ರದ ಚೆಂಡಿನಂಥ ನಿಯೋಪೆಂಟೇನ್ 9.5ರಲ್ಲೇ ಕುದಿಯುತ್ತದೆ. ಉದ್ದನೆಯ ಅಣುಗಳು ಮೈಗೆ ಮೈ ತಾಗಿಸಿಕೊಳ್ಳಬಲ್ಲವು, ಚೆಂಡುಗಳು ಬಿಂದುವಿನಲ್ಲಷ್ಟೇ ತಾಗುತ್ತವೆ.

ಹಾಗಾದರೆ ದ್ವಿಧ್ರುವಕ್ಕೆ ಬೆಲೆಯೇ ಇಲ್ಲವೇ? ಇದೆ. ಅದನ್ನು ಕಾಣಬೇಕಾದರೆ ಲಂಡನ್ ಬಲ ಸುಮಾರಾಗಿ ಸಮನಾಗಿರುವ ಅಣುಗಳನ್ನು ಹೋಲಿಸಬೇಕು. ಬ್ಯೂಟೇನ್ ಮತ್ತು ಅಸಿಟೋನ್ ಎರಡರ ಅಣುತೂಕವೂ 58. ಬ್ಯೂಟೇನ್ ಸೊನ್ನೆ ಡಿಗ್ರಿಯ ಸಮೀಪ ಕುದಿಯುತ್ತದೆ, ಅಸಿಟೋನ್ 56ರಲ್ಲಿ. ಈ ಅಂತರದ ಬಹುಪಾಲು ದ್ವಿಧ್ರುವದ ಕೊಡುಗೆ. ಅಣುತೂಕ 60 ಇರುವ ಐಸೊಪ್ರೊಪೈಲ್ ಆಲ್ಕೊಹಾಲ್ 82 ಡಿಗ್ರಿಗೆ ಹೋಗುತ್ತದೆ. ಇದು ಹೈಡ್ರೋಜನ್ ಬಂಧದ ಕೆಲಸ.

ಹೈಡ್ರೋಜನ್ ಬಂಧದ ಕಥೆ ಬೇರೆ ದಾರಿಯಲ್ಲಿ ಸಾಗಿ ಬಂದದ್ದು. 1912ರಲ್ಲಿ ಮೂರ್ ಮತ್ತು ವಿನ್‌ಮಿಲ್ ದುರ್ಬಲ ಪ್ರತ್ಯಾಮ್ಲವೊಂದನ್ನು ವಿವರಿಸಲು ಇಂಥ ಬಂಧವನ್ನು ಊಹಿಸಿದ್ದರು. 1919ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಮಾರಿಸ್ ಹಗಿನ್ಸ್ ಎಂಬ ವಿದ್ಯಾರ್ಥಿ ತರಗತಿಗಾಗಿ ಬರೆದ ಒಂದು ಪ್ರಬಂಧದಲ್ಲಿ ಅದೇ ವಿಚಾರ ಮಂಡಿಸಿದ. ಮರುವರ್ಷ ಅಲ್ಲಿಯವರೇ ಆದ ಲ್ಯಾಟಿಮರ್ ಮತ್ತು ರೋಡ್‌ಬುಶ್ ಅದನ್ನು ನೀರಿಗೆ ಅನ್ವಯಿಸಿ ಪ್ರಕಟಿಸಿದರು. ಎರಡು ಆಮ್ಲಜನಕ ಪರಮಾಣುಗಳ ನಡುವೆ ಒಂದು ಹೈಡ್ರೋಜನ್ ಸಿಕ್ಕಿಕೊಂಡು ಎರಡನ್ನೂ ಸಡಿಲವಾಗಿ ಬಂಧಿಸುತ್ತದೆ ಎಂಬುದು ಅದರ ಸಾರ. ಟ್ರೌಟನ್ ಮತ್ತು ರ‍್ಯಾಮ್ಸೆ ಕಂಡಿದ್ದ ‘ಗುಂಪುಗೂಡುವಿಕೆ’ಗೆ ಆಗ ಅರ್ಥ ಸಿಕ್ಕಿತು. 1930ರ ದಶಕದಲ್ಲಿ ಅವಕೆಂಪು ಕಿರಣಗಳ ವರ್ಣಪಟಲ ನೇರ ಸಾಕ್ಷ್ಯ ಒದಗಿಸಿತು. ಬಂಧಕ್ಕೆ ಒಳಗಾದ ಆಮ್ಲಜನಕ-ಹೈಡ್ರೋಜನ್ ಕೊಂಡಿ ಸಡಿಲಗೊಂಡು ಕಡಿಮೆ ಆವರ್ತದಲ್ಲಿ ಕಂಪಿಸುತ್ತದೆ. 1939ರಲ್ಲಿ ಲೈನಸ್ ಪಾಲಿಂಗ್ ತಮ್ಮ ‘ದಿ ನೇಚರ್ ಆಫ್ ದಿ ಕೆಮಿಕಲ್ ಬಾಂಡ್’ ಗ್ರಂಥದಲ್ಲಿ ಇಡೀ ಅಧ್ಯಾಯವನ್ನೇ ಇದಕ್ಕೆ ಮೀಸಲಿಟ್ಟ ಮೇಲೆ ಎಲ್ಲರ ಬಾಯಲ್ಲೂ ಈ ಹೆಸರು ನಿಂತಿತು.

ಸಾರಜನಕ, ಆಮ್ಲಜನಕ, ಫ್ಲೋರಿನ್ – ಈ ಮೂರಕ್ಕೆ ಅಂಟಿದ ಹೈಡ್ರೋಜನ್‌ಗೆ ಮಾತ್ರ ಈ ಬಂಧ ಸಾಧ್ಯ ಎಂಬ ಸೂತ್ರವನ್ನು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಕುದಿಬಿಂದುಗಳು ಅದನ್ನು ಬೆಂಬಲಿಸುವಂತೆಯೇ ಇವೆ. ನೀರಿನ ಕುಟುಂಬದ ಹೈಡ್ರೋಜನ್ ಟೆಲ್ಯುರೈಡ್ ಮೈನಸ್ 2, ಸೆಲೆನೈಡ್ ಮೈನಸ್ 41, ಸಲ್ಫೈಡ್ ಮೈನಸ್ 60 ಡಿಗ್ರಿಯಲ್ಲಿ ಕುದಿಯುತ್ತವೆ. ಈ ಸಾಲಿನಲ್ಲಿ ಇನ್ನೂ ಕೆಳಗಿರಬೇಕಿದ್ದ ನೀರು 100ಕ್ಕೆ ಜಿಗಿದಿದೆ. ಮಂಜುಗಡ್ಡೆಯಲ್ಲಿ ಪ್ರತಿ ಅಣುವಿಗೆ ನಾಲ್ವರೇ ನೆರೆಯವರು, ಹೈಡ್ರೋಜನ್ ಸಲ್ಫೈಡಿನ ಹರಳಿನಲ್ಲಿ ಹನ್ನೆರಡು ಮಂದಿ. ನಾಲ್ಕು ಎಂದರೆ ದಿಕ್ಕು ನೋಡಿ ಕೈಹಿಡಿದ ವ್ಯವಸ್ಥೆ. ಹನ್ನೆರಡು ಎಂದರೆ ಬುಟ್ಟಿಯಲ್ಲಿ ತುಂಬಿದ ನಿಂಬೆಹಣ್ಣು. ಪಾಲಿಂಗ್ ಕೂಡ ಇದನ್ನೇ ತೋರಿಸಿ ಗಂಧಕವನ್ನು ಪಟ್ಟಿಯಿಂದ ಹೊರಗಿಟ್ಟಿದ್ದರು.

ಈ ಗಡಿಯನ್ನು ಮತ್ತೆ ತೆರೆದವರಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರಿದ್ದಾರೆ ಎಂಬುದು ಹೆಮ್ಮೆಯ ವಿಷಯ. ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಒಕ್ಕೂಟವಾದ ಐಯುಪಿಎಸಿ ಹೈಡ್ರೋಜನ್ ಬಂಧಕ್ಕೆ ಹೊಸ ವ್ಯಾಖ್ಯಾನ ಬರೆಯಲು ನೇಮಿಸಿದ ತಂಡದ ನೇತೃತ್ವ ವಹಿಸಿದವರು ಆ ಸಂಸ್ಥೆಯ ಇ. ಅರುಣನ್, ಅಲ್ಲಿಯವರೇ ಆದ ಗೌತಮ್ ದೇಸಿರಾಜು ಕೂಡ ತಂಡದಲ್ಲಿದ್ದರು. 2011ರಲ್ಲಿ ಪ್ರಕಟವಾದ ಆ ವ್ಯಾಖ್ಯಾನದಲ್ಲಿ ಮೂರೇ ಧಾತುಗಳ ಪಟ್ಟಿ ಇಲ್ಲ. ಹೈಡ್ರೋಜನ್‌ಗಿಂತ ಹೆಚ್ಚು ಋಣವಿದ್ಯುತ್ ಗುಣವುಳ್ಳ ಯಾವ ಪರಮಾಣುವಿಗೆ ಅಂಟಿದ್ದರೂ ಸರಿ, ಬಂಧ ಏರ್ಪಟ್ಟಿದೆ ಎಂಬುದಕ್ಕೆ ಸಾಕ್ಷ್ಯ ಇರಬೇಕು ಅಷ್ಟೆ.

ಅಂಥ ಸಾಕ್ಷ್ಯವನ್ನು ಗಂಧಕದ ವಿಷಯದಲ್ಲೂ ಅರುಣನ್ ಅವರ ತಂಡ ಮತ್ತು ಹೊರದೇಶದ ಸಹೋದ್ಯೋಗಿಗಳು 2018ರಲ್ಲಿ ಮುಂದಿಟ್ಟರು. ಅತಿಶೀತಲ ಅನಿಲಧಾರೆಯಲ್ಲಿ ಎರಡೇ ಎರಡು ಹೈಡ್ರೋಜನ್ ಸಲ್ಫೈಡ್ ಅಣುಗಳ ಜೋಡಿಯನ್ನು ಮೈಕ್ರೋವೇವ್ ವರ್ಣಪಟಲದಿಂದ ಪರಿಶೀಲಿಸಿದಾಗ, ಅವು ನಿಂಬೆಹಣ್ಣುಗಳಂತೆ ಸುಮ್ಮನೆ ಒತ್ತಿಕೊಂಡಿರಲಿಲ್ಲ. ನೀರಿನ ಅಣುಗಳ ಜೋಡಿಯಂತೆಯೇ ಒಂದರ ಹೈಡ್ರೋಜನ್ ಇನ್ನೊಂದರ ಗಂಧಕದ ಕಡೆಗೆ ಮುಖ ಮಾಡಿತ್ತು. ಆದರೆ ಮೈನಸ್ 60 ಡಿಗ್ರಿಯ ದ್ರವದಲ್ಲಿ ಉಷ್ಣದ ಚಲನೆ ಈ ದುರ್ಬಲ ಬಂಧದ ದಿಕ್ಕನ್ನು ಹೆಚ್ಚು ಹೊತ್ತು ಉಳಿಯಗೊಡುವುದಿಲ್ಲ. ಹೈಡ್ರೋಜನ್ ಸಲ್ಫೈಡಿನಲ್ಲಿ ಹೈಡ್ರೋಜನ್ ಬಂಧ ಇದೆಯೇ ಎಂದು ಯಾರಾದರೂ ಕೇಳಿದರೆ, ಯಾವ ಉಷ್ಣತೆಯಲ್ಲಿ ಎಂದು ಈಗ ತಿರುಗಿ ಕೇಳಬೇಕಾಗುತ್ತದೆ.